ಯಾವ ಎಣ್ಣಿ?

ಧಾರವಾಡದ ಒಂದು ಕಲಾಸಂಸ್ಥೆಯಲ್ಲಿ ನಾನು ನಾಲ್ಕು ತಿಂಗಳು ಇಂಟರ್ನ್ ಆಗಿದ್ದೆ. ಹಾಗಂದರೆ ಏನು ಎಂದು ಅಲ್ಲಿಯ ಸಿಪಾಯಿ ಕಾಕಾನಿಗೆ ತಿಳಿಸಿ ಹೇಳಲು ಮೊದಲ ದಿನವೇ ಅರ್ಧ ತಾಸು ಹಿಡಿಯಿತು.

"ಪಗಾರ ಎಷ್ಟು?"

"ಪಗಾರ ಇಲ್ಲ ಕಾಕಾ."

"ಮತ್ತ ಪರೀಕ್ಷಾ ಐತೇನು?"

"ಅದೂ ಇಲ್ಲ."

"ಹಂಗಾರ ಬಂದಿ ಯಾಕ?"

ಇದಕ್ಕೆ ನನ್ನ ಹತ್ತಿರ ಉತ್ತರ ಇರಲಿಲ್ಲ. ಮರುದಿನದಿಂದ ಕಾಕಾ ಬಂದವರಿಗೆಲ್ಲ ನನ್ನನ್ನು "ಇವರು ಇಂಟರ್ನೆಟ್ ಬಾಯಾರ್ರಿ" ಎಂದು ಪರಿಚಯ ಮಾಡಿಕೊಡತೊಡಗಿದ. ಆಮೇಲೆ ನೆಟ್‌ವರ್ಕ್ ಹೋದಾಗಲೆಲ್ಲ ನಮ್ಮ ಕಚೇರಿಯವರಷ್ಟೇ ಅಲ್ಲ, ಪಕ್ಕದ ಝೆರಾಕ್ಸ್ ಅಂಗಡಿಯವನೂ ನನ್ನ ಮೇಜಿನ ಮುಂದೆ ಬಂದು ನಿಲ್ಲುತ್ತಿದ್ದ. ಧಾರವಾಡದ ಮಳೆಗಾಲ, ಅದು ದಿನಕ್ಕೆ ನಾಲ್ಕು ಸಲ ಹೋಗುತ್ತಿತ್ತು. ಮೊದಮೊದಲು "ನಾನು ಅದಲ್ಲರೀ" ಎಂದು ತಿದ್ದಿದೆ. ಆಮೇಲೆ ಬೇಸತ್ತು, ಎದ್ದು ಹೋಗಿ ಡಬ್ಬಿಯ ವೈರು ಕಿತ್ತು ಮತ್ತೆ ಸಿಕ್ಕಿಸಿ ಬರುತ್ತಿದ್ದೆ. ನೆಟ್ ಬರುತ್ತಿತ್ತು. ಆ ಸಂಸ್ಥೆಗೆ ನನ್ನಿಂದಾದ ತಕರಾರಿಲ್ಲದ ಸೇವೆ ಇದೊಂದೇ.

ನಾನು ಗದಗಿನವಳು. ನಮ್ಮ ಡ್ರಾಯಿಂಗ್ ಮಾಸ್ತರು ಟಿ. ಪಿ. ಅಕ್ಕಿಯವರ ವಿಜಯ ಕಲಾಮಂದಿರದಲ್ಲಿ ಕಲಿತು ಬಂದವರು. ಅವರ ಕೈಕೆಳಗೆ ನಾನು ಲೋಯರ್ ಗ್ರೇಡ್ ಡ್ರಾಯಿಂಗ್ ಪರೀಕ್ಷೆಗೆ ಕೂತು, ಹಿತ್ತಾಳೆ ತಂಬಿಗೆಯೊಂದನ್ನು ಬರೆದೆ. ನೋಡಿದವರೆಲ್ಲ "ಬದನೀಕಾಯಿ ಚಲೋ ಬಂದೈತಿ" ಎಂದರು. ಚಿತ್ರಕಲೆಯ ಜೊತೆ ನನ್ನ ಸಂಬಂಧ ಅಲ್ಲಿಗೆ ಮುಗಿಯಬೇಕಿತ್ತು. ಆದರೆ ಕನ್ನಡ ಎಂ.ಎ. ಮುಗಿಸಿ ಸಪ್ತಾಪುರದ ಪಿ.ಜಿ.ಯೊಂದರಲ್ಲಿ ಖಾಲಿ ಕೂತಿದ್ದಾಗ, ಆ ಸಂಸ್ಥೆಗೆ ಬರೆಯುವವರು ಬೇಕಾಗಿದ್ದಾರೆಂದು ಯಾರೋ ಹೇಳಿದರು. ಹೋದೆ.

ಸಂಸ್ಥೆ ನಡೆಸುವವರನ್ನು ಎಲ್ಲರೂ ಸರ್ ಎನ್ನುತ್ತಿದ್ದರು, ನಾನೂ ಹಾಗೇ ಕರೆಯುತ್ತೇನೆ. ಎಪ್ಪತ್ತು ದಾಟಿದ ಚಿತ್ರಕಾರರು. ಈ ಭಾಗ 1956ರವರೆಗೆ ಮುಂಬಯಿಗೆ ಸೇರಿತ್ತಲ್ಲ, ಆ ಕಾಲದ ನಮ್ಮ ಕಡೆಯ ಚಿತ್ರಕಾರರಿಗೆ ಕಾಶಿ ಎಂದರೆ 1857ರಲ್ಲಿ ಶುರುವಾದ ಅಲ್ಲಿಯ ಜೆ.ಜೆ. ಕಲಾಶಾಲೆ. ಸರ್ ಅವರ ಗುರುಗಳು ಅಲ್ಲಿ ಕಲಿತವರಂತೆ. ಹೀಗಾಗಿ ಸರ್‌ಗೆ ಸಿಟ್ಟು ಬಂದಾಗಲೆಲ್ಲ ಜೆ.ಜೆ. ಬರುತ್ತಿತ್ತು. "ಇದನ್ನ ಜೆ.ಜೆ.ದಾಗ ಬರದಿದ್ರ ಕಿವಿ ಹಿಂಡಿ ಹೊರಗ ಕಳಸ್ತಿದ್ರು!" ಇದನ್ನು ನಾನು ಮೊದಲು ಕೇಳಿದ್ದು ಎಮ್ಮೆಯ ವಿಷಯದಲ್ಲಿ.

ನನ್ನ ಕೆಲಸ, ಗೋಡೆಯ ಮೇಲಿನ ಪ್ರತಿ ಚಿತ್ರದ ಪಕ್ಕಕ್ಕೆ ಅಂಟಿಸುವ ವಿವರ ಬರೆಯುವುದು. ಕಾಕಾ ಅದಕ್ಕೆ ಚೀಟಿ ಎನ್ನುತ್ತಿದ್ದ. ಮೊದಲ ಚೀಟಿಗೆ ನಾನು ಎಂ.ಎ.ಯಲ್ಲಿ ಕಲಿತದ್ದನ್ನೆಲ್ಲ ಸುರಿದೆ. "ಅಸ್ತಿತ್ವದ ತುಮುಲಗಳನ್ನು ಕಪ್ಪು ಛಾಯೆಗಳ ಮೂಲಕ ಶೋಧಿಸುವ ಈ ಕೃತಿ ನೋಡುಗನನ್ನು ಅಂತರ್ಮುಖಿಯಾಗಿಸುತ್ತದೆ." ಸರ್ ಕನ್ನಡಕ ಏರಿಸಿ ಓದಿದರು. ಚಿತ್ರ ನೋಡಿದರು. ಮತ್ತೆ ಓದಿದರು.

"ಎಮ್ಮಿ ಎಲ್ಲೈತಿ?"

"ಸರ್?"

"ಅಂವಾ ಎಮ್ಮಿ ತಗದಾನ. ನಿನ್ನ ಬರಹದಾಗ ಎಮ್ಮಿ ಎಲ್ಲೈತಿ? ಆ ಕೊಂಬು ನೋಡು. ಹಿಂದಕ್ಕ ಬಾಗಿ ಅರ್ಧಚಂದ್ರ ಆಗ್ಯಾವು. ಅದು ಧಾರವಾಡಿ ಎಮ್ಮಿ. 2021ರಾಗ ಅದು ಬ್ಯಾರೆ ತಳಿ ಅಂತ ಸರ್ಕಾರನ ಒಪ್ಪಿ ನೋಂದಣಿ ಮಾಡೇತಿ, ನೀ ಒಪ್ಪವಲ್ಲಿ! ಫೇಡೆ ತಿಂತೀ ಇಲ್ಲೊ? ಅದರ ಹಾಲಿಂದನ ಆಗೂದದು."

ಫೇಡೆ ತಿನ್ನುತ್ತೇನೆ ಎಂದೆ. ಚೀಟಿ ಕೊನೆಗೆ ಹೀಗಾಯಿತು: "ಧಾರವಾಡಿ ಎಮ್ಮೆ, ಸಂಜೆ." ಎರಡು ದಿನದ ನನ್ನ ಶ್ರಮದಲ್ಲಿ ಉಳಿದದ್ದು ಆ ಅಲ್ಪವಿರಾಮ.

"ಶೀರ್ಷಿಕೆ ಇಲ್ಲ" ಎಂದು ಬರೆದ ಚೀಟಿಗಳ ಮೇಲೆ ಕಾಕಾನಿಗೆ ಬೇರೆಯೇ ತಕರಾರು. "ಕೂಸಿಗೆ ಹನ್ನೆರಡು ದಿವಸಕ್ಕ ತೊಟ್ಟಲದಾಗ ಹಾಕಿ ಹೆಸರಿಡ್ತೀವಿ. ಇದು ಈ ಗ್ವಾಡಿ ಮ್ಯಾಲೆ ಹನ್ನೆರಡು ವರ್ಷದಿಂದ ಐತಿ ತಂಗಿ. ಇನ್ನೂ ಹೆಸರಿಲ್ಲ?"

ಸೆಪ್ಟೆಂಬರಿನಲ್ಲಿ ಕೃಷಿ ವಿಶ್ವವಿದ್ಯಾಲಯದ ಕೃಷಿ ಮೇಳ. ಮೇಳಕ್ಕೆ ಬಂದಿದ್ದ ನವಲಗುಂದದ ಕಡೆಯ ರೈತರೊಬ್ಬರು ಪೇಟೆಗೆ ಬಂದವರು, ಮಳೆ ಜೋರಾದದ್ದಕ್ಕೆ ನಮ್ಮ ಗ್ಯಾಲರಿ ಹೊಕ್ಕರು. ಕೈಯಲ್ಲಿ ಬೀಜದ ಚೀಲ. ಒಂದೊಂದೇ ಚೀಟಿ ಓದುತ್ತ ಬಂದು ಒಂದರ ಮುಂದೆ ನಿಂತರು.

"ತೈಲವರ್ಣ ಅಂದ್ರ ಎಣ್ಣಿ ಬಣ್ಣ ಅಲ್ಲೇನ್ರಿ?"

"ಹೌದ್ರಿ."

"ಯಾವ ಎಣ್ಣಿ?"

ಅದುವರೆಗೆ ಕನಿಷ್ಠ ನಲವತ್ತು ಚೀಟಿಯ ಮೇಲೆ ತೈಲವರ್ಣ ಎಂದು ಬರೆದಿದ್ದೆ. ಒಮ್ಮೆಯೂ ಈ ಪ್ರಶ್ನೆ ನನಗೆ ಬಂದಿರಲಿಲ್ಲ.

"ಅದು... ಚಿತ್ರದ ಎಣ್ಣೆರಿ."

"ಅದೇನು ಎಣ್ಣಿರೀ? ಶೇಂಗಾನೊ, ಕುಸುಬಿನೊ?"

"ಅಲ್ಲರೀ, ಅದು ತಿನ್ನೋ ಎಣ್ಣೆ ಅಲ್ಲ. ಹೊರದೇಶದಿಂದ ಬರತದ."

ಅವರು ನನ್ನನ್ನು ನಂಬಲಿಲ್ಲ. ಬೀಜದ ಚೀಲ ಕೆಳಗಿಟ್ಟು, ಕೈ ಹಿಂದೆ ಕಟ್ಟಿಕೊಂಡು, ಚಿತ್ರದ ಹತ್ತಿರ ಮೂಗು ಒಯ್ದರು. ನಮ್ಮಲ್ಲಿ ಮುಟ್ಟಬೇಡಿ ಎಂಬ ಫಲಕವಿತ್ತು, ಮೂಸಬೇಡಿ ಎಂದು ಬರೆಸಿರಲಿಲ್ಲ. ಮುಗಿಸಿ ಮೂರು ವಾರವಷ್ಟೇ ಆಗಿದ್ದ ಚಿತ್ರ. ಒಂದು ಉಸಿರು ಎಳೆದುಕೊಂಡವರೇ "ಅಗಸಿ" ಎಂದರು.

ಒಳಕೋಣೆಯಿಂದ ಸರ್ ಎದ್ದು ಬಂದರು. "ಹೌದ್ರಿ ಯಜಮಾನ್ರ, ಅಗಸಿ!" ಎಂದು ಅವರ ಕೈ ಹಿಡಿದುಕೊಂಡರು. ಆಮೇಲೆ ಒಂದು ತಾಸು ಇಬ್ಬರೂ ಮಾತಾಡಿದ್ದನ್ನು ನಾನು ಮೂಲೆಯಲ್ಲಿ ನಿಂತು ಬರೆದುಕೊಂಡೆ. ಅಗಸೆ ಎಣ್ಣೆ ನೀರಿನ ಹಾಗೆ ಆರಿಹೋಗುವುದಿಲ್ಲ, ಗಾಳಿ ಹೀರಿಕೊಂಡು ಕೆನೆಗಟ್ಟಿ ಗಟ್ಟಿಯಾಗುತ್ತದೆ. ಬಣ್ಣ ಬಟ್ಟೆಗೆ ಕಚ್ಚಿ ನಿಲ್ಲುವುದು ಅದರಿಂದ. ಶೇಂಗಾ ಎಣ್ಣೆ ಒಣಗುವುದೇ ಇಲ್ಲ. ಅದರಲ್ಲಿ ಚಿತ್ರ ಬರೆದರೆ ಮೊಮ್ಮಕ್ಕಳ ಕಾಲಕ್ಕೂ ಜಿಡ್ಡು. ಅಗಸೆ ದಿನ ಕಳೆದಂತೆ ಹಳದಿಗೆ ತಿರುಗುತ್ತದೆ. ಅದಕ್ಕೇ ಬಿಳಿ ಬಣ್ಣಕ್ಕೆ ಕುಸುಬೆ ಎಣ್ಣೆ ಹಾಕುವುದುಂಟು. ದನ ನುಗ್ಗದಿರಲೆಂದು ಜೋಳದ ಹೊಲದ ಅಂಚಿಗೆ ಹಾಕುವ ಮುಳ್ಳಿನ ಕುಸುಬೆ! "ಅಂದ್ರ ನಮ್ಮ ಹೊಲದ ಬದುವಿನ್ಯಾಗ ನಿಮ್ಮ ಚಿತ್ರ ಐತಿ ಅನ್ರಿ" ಎಂದು ರೈತರು ನಕ್ಕು ಚೀಲ ಎತ್ತಿಕೊಂಡರು. ದಿನಾ ಮಧ್ಯಾಹ್ನ ರೊಟ್ಟಿಗೆ ಅಗಸಿ ಹಿಂಡಿ ಹಚ್ಚಿಕೊಂಡು ಉಣ್ಣುವ ನನ್ನ ಮೂಗಿಗೆ ಇದು ಹೊಳೆದಿರಲಿಲ್ಲ.

ಕಸೂತಿಯ ಪ್ರಕರಣ ಚಿಕ್ಕದು, ಮರ್ಯಾದೆ ಹೋದದ್ದು ಅಷ್ಟೇ ದೊಡ್ಡದು. ಕಸೂತಿಯಲ್ಲಿ ಗವಂತಿ ಎಂಬುದೊಂದು ಹೊಲಿಗೆ, ಅದರ ಹೆಸರು ಗಂಟು ಎಂಬ ಶಬ್ದದಿಂದ ಬಂತೆಂದು ಎಲ್ಲೋ ಓದಿದ್ದೆ. ಅದನ್ನು ನಂಬಿ "ಗಂಟು ಹಾಕಿ ಹೆಣೆಯುವ ಈ ಕಲೆ..." ಎಂದು ಬರೆದೆ. ಕಸೂತಿ ಹಾಕುವ ಹುಬ್ಬಳ್ಳಿಯ ಅಕ್ಕೋರೊಬ್ಬರು ಚೀಟಿ ಓದಿ, ಏನೂ ಅನ್ನದೆ, ಕಪ್ಪು ಚಂದ್ರಕಾಳಿ ಸೀರೆಯ ಸೆರಗನ್ನು ಬೋರಲು ಹಾಕಿ ನನ್ನ ಮುಂದಿಟ್ಟರು. "ಹುಡುಕು." ಆನೆ, ಗೋಪುರ, ತೇರು, ತುಳಸಿಕಟ್ಟೆ, ಎಲ್ಲ ಈ ಬದಿಗೂ ಹಾಗೇ ಇದ್ದವು. ದಾರ ಒಂದು ಎಳೆ ಬಿಟ್ಟು ಒಂದು ಎಳೆ ಹಾಯುತ್ತ ಹೋಗಿ, ಅದೇ ದಾರಿಯಲ್ಲಿ ಖಾಲಿ ಬಿಟ್ಟದ್ದನ್ನು ತುಂಬುತ್ತ ಮರಳಿ ಬಂದಿತ್ತು. ಗಂಟು ಒಂದೂ ಇಲ್ಲ. ಗಂಟು ಹಾಕದಿರುವುದೇ ಅದರ ಜಾಣತನ. ಹತ್ತು ನಿಮಿಷ ಹುಡುಕಿ ಸೋತ ಮೇಲೆ ಅವರು ಚೀಟಿ ಮಡಚಿ ನನ್ನ ಕೈಗಿಟ್ಟು "ಇದನ್ನ ನೀನ ಗಂಟು ಕಟ್ಟಿ ಇಟ್ಕೋ" ಎಂದರು.

ಅಷ್ಟರಲ್ಲಿ ವಾರ್ಷಿಕ ಪ್ರದರ್ಶನ ಬಂತು. ಆಮಂತ್ರಣ ಪತ್ರಿಕೆಯ ಹೊಣೆ ನನ್ನದು. ಗದಗಿಗೆ ಮುದ್ರಣ ಕಾಶಿ ಎಂಬ ಹೆಸರಿದೆ, ಆ ಊರಿನವಳು ನಾನು, ಸಣ್ಣ ಗರ್ವವಿತ್ತು. ಯೂನಿಕೋಡಿನಲ್ಲಿ ಟೈಪ್ ಮಾಡಿ ಹುಬ್ಬಳ್ಳಿಯ ಒಂದು ಮುದ್ರಣಾಲಯಕ್ಕೆ ಕಳಿಸಿದೆ. ಅಲ್ಲಿಯ ಹುಡುಗ ಅದನ್ನು ತನ್ನ ಹಳೆಯ ನುಡಿ ಫಾಂಟಿಗೆ ತಿರುಗಿಸಿದ. ಹಾಗೆ ತಿರುಗಿಸುವಾಗ ಅರ್ಕಾವತ್ತಿಗೆ ಏನಾಗುತ್ತದೆಂದು ಕನ್ನಡದಲ್ಲಿ ಟೈಪ್ ಮಾಡುವವರಿಗೆಲ್ಲ ಗೊತ್ತು: ಅದಿದ್ದ ಜಾಗದಲ್ಲಿ ನೆತ್ತಿಗೆ ಅಡ್ಡಗೀಟು ಬಿದ್ದ ಇಂಗ್ಲಿಷ್ ಡಿಯಂಥ ಒಂದು ಹುಳ ಬಂದು ಕೂರುತ್ತದೆ. ಹುಡುಗ ಶುಚಿಪ್ರಿಯ. ಕಸ ಎಂದುಕೊಂಡು ಎಲ್ಲ ಹುಳ ಆರಿಸಿ ತೆಗೆದ. ಕರಡು ವಾಟ್ಸ್ಯಾಪಿನಲ್ಲಿ ಬಂತು. ಅತಿಥಿಗಳ ಹೆಸರು, ದಿನಾಂಕ, ಸಮಯ ಮೂರು ಸಲ ನೋಡಿ "ಓಕೆ" ಎಂದೆ. ಮುನ್ನೂರು ಕಾರ್ಡು ಅಚ್ಚಾದವು.

ಮೊದಲ ಕಾರ್ಡು ಒಯ್ದು ಕೊಟ್ಟಿದ್ದು ಸಂಸ್ಕೃತ ಬಲ್ಲ ನಿವೃತ್ತ ಮಾಸ್ತರರಿಗೆ. ಅವರು ಓದುತ್ತ ಹೋದಂತೆ ಹುಬ್ಬು ಮೇಲೇರಿತು.

"ಕಲಾ ಪ್ರದಶನ ಅಂತ ಅದಲ್ಲಮ್ಮಾ. ದಶನ ಅಂದ್ರ ಹಲ್ಲು. ನಾವೆಲ್ಲ ಬಂದು ಹಲ್ಲು ತೋರಿಸಬೇಕೇನು? ನನಗ ಮೂರ ಉಳದಾವ."

ಕಾರ್ಡು ಇಸಿದುಕೊಂಡು ನೋಡಿದೆ. ಜಲವರ್ಣ ಜಲವಣವಾಗಿತ್ತು. ತೈಲವರ್ಣ ತೈಲವಣವಾಗಿತ್ತು. ಕಾರ್ಯಕ್ರಮ ಕಾಯಕ್ರಮ. ಸರ್ವರಿಗೂ ಹೋಗಿ ಸವರಿಗೂ. ಚಿತ್ರಕಲೆಯಲ್ಲಿ ಅರ್ಕಾವತ್ತು ಇಲ್ಲದ ಮಾತು ಎಷ್ಟು ಕಡಿಮೆ ಎಂದು ನನಗೆ ತಿಳಿದದ್ದು ಆ ಹೊತ್ತಿನಲ್ಲಿ. ಗೌರವ ಕಾರ್ಯದರ್ಶಿಗಳು ತಮ್ಮ ಹೆಸರಿನ ಕೆಳಗೆ ಬೆರಳಿಟ್ಟು ಕೇಳಿದರು, "ಗೌರವ ಕಾಯದಶಿ ಅಂದ್ರ ನಾ ಯಾರವಾ? ಕಾಯಕ್ಕ ದಸಿ ಬಡದೀ ಅಲ್ಲ?"

ಮತ್ತೆ ಅಚ್ಚು ಹಾಕಿಸಲು ದುಡ್ಡಿಲ್ಲ. ಒಂದು ಕಾರ್ಡಿಗೆ ಏಳು ಅರ್ಕಾವತ್ತು, ಮುನ್ನೂರು ಕಾರ್ಡಿಗೆ ಎರಡು ಸಾವಿರದ ನೂರು. ಚಿತ್ರಕಲೆಯ ಹುಡುಗರನ್ನು ಕೂರಿಸಿ ಪೆನ್ನು ಕೊಟ್ಟೆವು. ನೂರು ಕಾರ್ಡಿನವರೆಗೆ ಅರ್ಕಾವತ್ತು ಅರ್ಕಾವತ್ತಿನ ಹಾಗೇ ಇತ್ತು. ಆಮೇಲೆ ಅವರಿಗೆ ಬೇಜಾರಾಗಿ ಕಲೆ ಶುರುವಾಯಿತು. ಒಬ್ಬ ಅದಕ್ಕೆ ನವಿಲಿನ ಕತ್ತು ಬರೆದ. ಇನ್ನೊಬ್ಬ ಎಮ್ಮೆಯ ಕೊಂಬು ಮಾಡಿದ. ಊರಿನ ಕೆಲವು ದೊಡ್ಡವರು ಆ ಕಾರ್ಡನ್ನು ಇನ್ನೂ ಜೋಪಾನ ಇಟ್ಟಿದ್ದಾರೆ, "ಕೈಲೆ ಬರದದ್ದು, ಎಷ್ಟು ಕಾಳಜಿ" ಎನ್ನುತ್ತ. ನಾನು ತಿದ್ದಲು ಹೋಗಿಲ್ಲ.

ಪ್ರದರ್ಶನದ ಹಿಂದಿನ ದಿನ ಹುಬ್ಬಳ್ಳಿಯಿಂದ ಒಂದು ಚಿತ್ರವನ್ನು ಚಿಗರಿ ಬಸ್ಸಿನಲ್ಲಿ ತಂದದ್ದೂ ಒಂದು ಕತೆಯೇ. ಟಿಕೆಟ್ ಹಿಡಿದರೆ ತೆರೆಯುವ ನಿಲ್ದಾಣದ ಗೇಟು ನನ್ನನ್ನು ಒಳಗೆ ಬಿಟ್ಟುಕೊಂಡು ಚಿತ್ರವನ್ನು ಹೊರಗೆ ಉಳಿಸಿತು. ನಾನು ಈಚೆ, ಚೌಕಟ್ಟಿನ ತುದಿ ನನ್ನ ಕೈಯಲ್ಲಿ, ಉಳಿದದ್ದು ಆಚೆ. ಹಿಂದೆ ನಿಂತ ಅಜ್ಜಿ "ಕಿಡಕಿ ಯಾಕ ಒಯ್ಯಾಕತ್ತೀ ಬೇ?" ಎಂದಳು. ಹೇಗೋ ಬಂತು.

ಉದ್ಘಾಟನೆಯ ದಿನ ಕಾಕಾ ಲೈನ್ ಬಜಾರಿಗೆ ಫೇಡೆ ತರಲು ಹೋಗಿದ್ದ. ಅತಿಥಿಗಳು ಹೇಳಿದ ಹೊತ್ತಿಗೇ ಬಂದುಬಿಟ್ಟರು, ಇದನ್ನು ಯಾರೂ ನಿರೀಕ್ಷಿಸಿರಲಿಲ್ಲ. ದೀಪದ ಸಮೆಯಲ್ಲಿ ಬತ್ತಿ ಇತ್ತು, ಎಣ್ಣೆ ಇರಲಿಲ್ಲ. ನಾನು ಒಳಗೆ ಓಡಿದೆ. ಕಪಾಟಿನಲ್ಲಿ ಎರಡು ಸಣ್ಣ ಬಾಟಲಿ, ಹೊನ್ನಿನ ಬಣ್ಣದ ಎಣ್ಣೆ. ಎಣ್ಣೆ ಅಂದ ಮೇಲೆ ಎಣ್ಣೆ ತಾನೆ? ಎರಡನ್ನೂ ಸುರಿದೆ. ದೀಪ ಹತ್ತಿತು, ಸ್ವಲ್ಪ ಹೊಗೆಯಾಡಿತು. ಅತಿಥಿಗಳು ಕಲೆಯ ಬೆಳಕಿನ ಬಗ್ಗೆ ಮಾತಾಡಿದರು. ಫೇಡೆಯ ಪೊಟ್ಟಣ ಹಿಡಿದು ಬಾಗಿಲಲ್ಲಿ ಕಾಲಿಟ್ಟ ಕಾಕಾ ಒಮ್ಮೆ ಮೂಗು ಅರಳಿಸಿದ. ಮೊದಲ ಸಾಲಿನಲ್ಲಿ ಸರ್ ಕೂಡ ಅರಳಿಸಿದರು. ಇಬ್ಬರೂ ಒಟ್ಟಿಗೇ ನನ್ನ ಕಡೆ ನೋಡಿದರು.

ಅರ್ಧ ಮುಗಿದ ಕ್ಯಾನ್ವಾಸಿಗೆಂದು ಸರ್ ಮುಂಬಯಿಯಿಂದ ತರಿಸಿಟ್ಟ ಅಗಸೆ ಎಣ್ಣೆ ಅದು. ಸಭೆ ಮುಗಿದ ಮೇಲೆ ಜೆ.ಜೆ. ಬಂತು, ತಾಸುಗಟ್ಟಲೆ ಬಂತು.

ಕತೆ ಅಲ್ಲಿಗೆ ನಿಲ್ಲಲಿಲ್ಲ. ಪ್ರದರ್ಶನ ಏಳು ದಿನ ನಡೆಯಿತು. ಎಂಟನೆಯ ದಿನ ಕಾಕಾ ಸಮೆ ತೊಳೆಯಲು ಕೂತ. ಚೆಲ್ಲಿ ಸೋರಿದ ಎಣ್ಣೆಯೆಲ್ಲ ಹಿತ್ತಾಳೆಗೆ ಅಂಟಿ ಕಂದು ಪೊರೆಯಾಗಿತ್ತು. ಬತ್ತಿಗಳು ತಾವಿದ್ದಲ್ಲೇ ಹುಗಿದು ನಿಂತಿದ್ದವು. ಹುಣಸೆಹಣ್ಣು ಹಾಕಿ ತಿಕ್ಕಿದ, ಬೂದಿ ಹಾಕಿ ತಿಕ್ಕಿದ, ಚಾಕುವಿನಿಂದ ಕೆರೆದ. ನಾನೂ ಪಕ್ಕದಲ್ಲಿ ಕೂತು ತೆಂಗಿನ ನಾರಿನಿಂದ ಉಜ್ಜಿದೆ. ಒಂದು ಎಳೆ ಮಿಸುಕಲಿಲ್ಲ. ಕೊನೆಗೆ ಕಾಕಾ ಕೈ ತೊಳೆದುಕೊಂಡು ಎದ್ದು, ಸಮೆಯನ್ನು ಒಯ್ದು ಗ್ಯಾಲರಿಯ ಮೂಲೆಯಲ್ಲಿ, ಎಮ್ಮೆಯ ಚಿತ್ರದ ಪಕ್ಕ ಇಟ್ಟ.

"ಇದಕ್ಕೂ ಒಂದು ಚೀಟಿ ಬರಿ ತಂಗಿ."

ಬರೆದೆ: "ಹಿತ್ತಾಳೆಯ ಮೇಲೆ ತೈಲ." ಅಂಟಿಸಿದೆ. ಕಾಕಾ ಬಗ್ಗಿ ಒಂದೊಂದೇ ಅಕ್ಷರ ಕೂಡಿಸಿ ಓದಿ, ತಲೆ ಅಲ್ಲಾಡಿಸಿದ.

"ಯಾವ ಎಣ್ಣಿ ಅಂತ ಬರೀಲೇ ಇಲ್ಲಲ್ಲ?"