ದೊಡ್ಡಪ್ಪ ಕಾರ್ಗಿಲ್‌ಗೆ ಹೋಗಿರಲಿಲ್ಲ

ಈಗಷ್ಟೇ ದೊಡ್ಡಪ್ಪನ ಶ್ರದ್ಧಾಂಜಲಿ ಸಭೆ ಮುಗಿಸಿಕೊಂಡು ಮನೆಗೆ ಬಂದೆ. ತಲೆ ಕೆಟ್ಟಿದೆ. ಇಲ್ಲಿ ಕಾರಿಕೊಳ್ಳದೆ ನಿದ್ದೆ ಬರಲ್ಲ.

ಬಳ್ಳಾರಿ ಕೌಲ್ ಬಜಾರಿನ ನಮ್ಮ ಓಣಿ ಬಾಯಲ್ಲಿ ಹತ್ತಡಿ ಫ್ಲೆಕ್ಸ್. ಮೇಲೆ ಫೈಟರ್ ವಿಮಾನ, ಹಿಂದೆ ಹಿಮದ ಗುಡ್ಡ, ಕೈಯಲ್ಲಿ ಮಷಿನ್ ಗನ್ ಹಿಡಿದ ಯಾರದೋ ಕಟ್ಟುಮಸ್ತಾದ ಮೈ. ಆ ಮೈ ಮೇಲೆ ನಮ್ಮ ದೊಡ್ಡಪ್ಪನ ಪಿಂಚಣಿ ಪುಸ್ತಕದ ಮುಖ! ಒಂದೂವರೆ ತಾಸು ತಡವಾಗಿ ಬಂದ ಮುಖಂಡರು ಮೈಕ್ ಹಿಡಿದು 'ಕಾರ್ಗಿಲ್ ವೀರ' ಅಂದರು. ಒಂದು ಸಲ ಅಲ್ಲ, ಮೂರು ಸಲ. ಕಾರ್ಗಿಲ್ ಯುದ್ಧ ನಡೆದದ್ದು 1999ರಲ್ಲಿ ಸ್ವಾಮಿ. ಆಗ ದೊಡ್ಡಪ್ಪ ಸೈನ್ಯ ಬಿಟ್ಟು ಬಂದು ಹದಿನೈದು ವರ್ಷ ಆಗಿತ್ತು. ಬ್ಯಾಂಕಿನ ಬಾಗಿಲಲ್ಲಿ ಜೋಡುನಳಿಗೆ ಬಂದೂಕು ಇಟ್ಟುಕೊಂಡು, ಓದು ಬಾರದ ಮುದುಕರಿಗೆ ಚಲನ್ ತುಂಬಿಕೊಡುತ್ತಾ ಕೂತಿದ್ದರು.

ಸಿರುಗುಪ್ಪ ಕಡೆಯ ಹಳ್ಳಿ ಹುಡುಗ ಸೇರಿದ್ದು ಬೆಂಗಳೂರಿನ ಹಲಸೂರು ಕೆರೆ ಹತ್ತಿರದ ಎಂಇಜಿಗೆ, ಅಂದರೆ ಸೈನ್ಯದ ಮದ್ರಾಸ್ ಎಂಜಿನಿಯರ್ ಗ್ರೂಪಿಗೆ. ಇನ್ನೊಂದು ಹೆಸರು ಮದ್ರಾಸ್ ಸ್ಯಾಪರ್ಸ್. ಅಲ್ಲಿ ಎಲ್ಲರೂ 'ತಂಬಿ'ಗಳೇ, ತಮಿಳಲ್ಲಿ ತಮ್ಮ ಅಂತ. ಸೇತುವೆ ಕಟ್ಟೋದು, ದಾರಿ ಮಾಡೋದು, ಮೈನ್ ಅಂದರೆ ನೆಲಬಾಂಬ್ ಹೂಳೋದು, ತೆಗೆಯೋದು. 1971ರ ಡಿಸೆಂಬರ್ 3ಕ್ಕೆ ಶುರುವಾದ ಯುದ್ಧದಲ್ಲಿ 16ಕ್ಕೆ ಢಾಕಾದಲ್ಲಿ ಪಾಕಿಸ್ತಾನದ ಸೈನ್ಯ ಶರಣಾಯಿತು. ನಮಗೆಲ್ಲ ಕಥೆ ಅಲ್ಲಿಗೆ ಮುಗಿಯಿತು. ಪಂಜಾಬಿನ ಗಡಿಯಲ್ಲಿದ್ದ ದೊಡ್ಡಪ್ಪನಿಗೆ ಆಮೇಲೆಯೇ ಕೆಲಸ ಜಾಸ್ತಿ. ಹೂತಿಟ್ಟ ಮೈನ್‌ಗಳನ್ನೆಲ್ಲ ತಿಂಗಳುಗಟ್ಟಲೆ ತೆಗೆದರಂತೆ. ಬೋರಲು ಮಲಗಿ, ಸಣ್ಣ ಸಲಾಕೆಯಿಂದ ಮಣ್ಣನ್ನು ಓರೆಯಾಗಿ ಚುಚ್ಚಬೇಕು. ನೆಟ್ಟಗೆ ಚುಚ್ಚಿದರೆ ಮೈನಿನ ತಲೆಗೇ ತಾಗುತ್ತದೆ. ರೈತರು ಮತ್ತೆ ಹೊಲಕ್ಕಿಳಿಯಬೇಕಿತ್ತಲ್ಲ! ಇದನ್ನು ಫ್ಲೆಕ್ಸ್‌ನಲ್ಲಿ ಹೆಂಗೆ ಹಾಕ್ತೀರಿ?

ಮನೆಗೆ ಬಂದ ಮೇಲೆ ದೊಡ್ಡಮ್ಮನಿಗೆ ಅಕ್ಕಿ ಆರಿಸಲು ಬಿಡುತ್ತಿರಲಿಲ್ಲ. ಮೊರ ತೊಡೆ ಮೇಲೆ ಇಟ್ಟುಕೊಂಡು ತಾವೇ ಕೂರೋರು. ಇಪ್ಪತ್ತೈದು ಕೆಜಿ ಚೀಲ ಪೂರ್ತಿ. 'ಒಂದ್ ಕಲ್ ಉಳಿದ್ರೂ ಲೆಕ್ಕ ತಪ್ಪಿದಂಗ' ಅನ್ನೋರು. ಕೊನೇ ವರ್ಷ ಕಣ್ಣು ಮಂಜಾದಾಗಲೂ ಬೆರಳಲ್ಲೇ ಹುಡುಕುತ್ತಿದ್ದರು.

ದೊಡ್ಡ ಅಕ್ಕನ ಮುಖ ಅವರು ನೋಡಿದ್ದು ಅವಳಿಗೆ ಏಳು ತಿಂಗಳಾದಾಗ. ಆಮೇಲೂ ರಜೆಗೆ ಬಂದಾಗಲೆಲ್ಲ 'ಈ ಮಾಮಾ ಯಾವಾಗ ಹೋಗ್ತಾನ?' ಅಂತ ಕೇಳ್ತಿದ್ದಳಂತೆ. ಅದಕ್ಕೇ ಇರಬೇಕು, ರಿಟೈರ್ ಆಗಿ ಬಂದವರು ಹೆಣ್ಣುಮಕ್ಕಳ ತಲೆ ಬಾಚುವ ಕೆಲಸ ಹಿಡಿದರು. ಸ್ಕೂಲಿಗೆ ಹೊರಟರೆ ಎರಡೂ ಜಡೆ ಪರೇಡಿಗೆ ನಿಂತಂಗೆ ಸಮ. ಓಣಿ ಗಂಡಸರು ಮುಸಿಮುಸಿ ನಕ್ಕರು. ಮಿಲಿಟರಿ ಕ್ಯಾಂಟೀನಿನ ರಮ್ ಬಾಟಲಿ ಕೇಳಲು ಮಾತ್ರ ತಪ್ಪದೆ ಬರುತ್ತಿದ್ದ ಅದೇ ಗಂಡಸರು ಇವತ್ತು ಮುಂದಿನ ಸಾಲಲ್ಲಿ! ಹದಿನೆಂಟು ವರ್ಷ ಮನಿಆರ್ಡರ್ ನಂಬಿ ಮನೆ ನಡೆಸಿದ ದೊಡ್ಡಮ್ಮ ಹಿಂದೆ, ಸ್ಪೀಕರ್ ಪಕ್ಕ.

'ಇಷ್ಟಾದರೂ ನೆನೆಸಿಕೊಂಡರಲ್ಲ, ಖುಷಿಪಡು' ಅಂತ ಗೆಳೆಯನೊಬ್ಬ ಸಮಾಧಾನ ಮಾಡಿದ. ಯಾರನ್ನು ನೆನೆಸಿಕೊಂಡರಪ್ಪಾ? ಆ ಫ್ಲೆಕ್ಸ್‌ನಲ್ಲಿರುವವನು ನಮ್ಮ ಮನೆಗೆ ಯಾವತ್ತೂ ಬಂದವನಲ್ಲ.

ಒಂದು ಮಾತು ಒಪ್ಪಿಕೊಳ್ಳಬೇಕು. ಐದನೇ ಕ್ಲಾಸಿನಲ್ಲಿ ನಾನೂ ಇದನ್ನೇ ಮಾಡಿದ್ದೆ. ದೊಡ್ಡಪ್ಪ ಯಾರನ್ನೂ ಕೊಂದಿಲ್ಲ ಅಂತ ನನಗೆ ಭಾರೀ ನಾಚಿಕೆ. ಅವರು ಪಾಕಿಸ್ತಾನದ ಟ್ಯಾಂಕ್ ಉಡಾಯಿಸಿದರು ಅಂತ ಕ್ಲಾಸಿಗೆಲ್ಲ ಬುರುಡೆ ಬಿಟ್ಟಿದ್ದೆ. ಸುದ್ದಿ ಅವರ ಕಿವಿಗೂ ಬಿತ್ತು. ಹೊಡೀತಾರೆ ಅಂತ ನಡುಗುತ್ತಾ ನಿಂತರೆ, 'ಎಷ್ಟ್ ಟ್ಯಾಂಕಲೇ?' ಅಂದರು. 'ಒಂದು.' 'ಒಂದಾ? ಎರಡ್ ಅನ್ಬೇಕಿತ್ತು' ಅಂತ ಹೇಳಿ ಮೊರದ ಕಡೆ ತಿರುಗಿದರು.

ಸಭೆ ಮುಗಿದು ಜನ ಹೋದ ಮೇಲೆ ದೊಡ್ಡಮ್ಮ ಫ್ಲೆಕ್ಸ್ ಬಿಚ್ಚಿಸಿದಳು. ಅಂಗಳದಲ್ಲಿ ಹಾಸಿಸಿ ಕತ್ತರಿ ತರಿಸಿ ಮುಖದ ಭಾಗವನ್ನಷ್ಟೇ ನೀಟಾಗಿ ಕತ್ತರಿಸಿಕೊಂಡಳು. ಉಳಿದ ವಿಮಾನ, ಗುಡ್ಡ, ಗನ್ನು ಎಲ್ಲ ಮಡಚಿ ನನ್ನ ಕೈಗೆ ಕೊಟ್ಟು, 'ಮಾಳಿಗಿ ಮ್ಯಾಲ ಇಡಪಾ, ಮೆಣಸಿನಕಾಯಿ ಒಣಗಿಸಾಕ ಬರ್ತದ' ಅಂದಳು.