16 ನಿಯಮ ಅಷ್ಟೇ ಅಂತೆ!

ಬೆಳಿಗ್ಗೆ ಕುಕ್ಕರ್ ಇಟ್ಟು, ವಿಷಲ್ ಎಣಿಸುತ್ತಾ ಫೋನ್ ನೋಡುತ್ತಿದ್ದೆ. ಒಂದು ರೀಲ್ ಬಂತು. ಹುಡುಗನೊಬ್ಬ ಜೋರಾಗಿ ಮ್ಯೂಸಿಕ್ ಹಾಕಿಕೊಂಡು, "ಎಸ್ಪೆರಾಂಟೋ! 16 ನಿಯಮ ಅಷ್ಟೇ! ಒಂದು ಗಂಟೇಲಿ ವ್ಯಾಕರಣ ಖತಂ!" ಅಂತ ಚಿಟಿಕೆ ಹೊಡೆದ. ಎಷ್ಟು ವಿಷಲ್ ಆಯಿತೋ ನನಗೆ ಲೆಕ್ಕ ತಪ್ಪಿತು. ಅನ್ನ ಮುದ್ದೆಯಾಯಿತು.

ನನ್ನ ಎಸ್ಪೆರಾಂಟೋ ಹುಚ್ಚು ನಿಮಗೆಲ್ಲ ಗೊತ್ತಿದ್ದದ್ದೇ. (ಹೊಸಬರಿಗೆ: ಜಾಮೆನ್‌ಹಾಫ್ ಎಂಬ ಕಣ್ಣಿನ ಡಾಕ್ಟರು ತಾವೇ ಕಟ್ಟಿ, 1887ರಲ್ಲಿ ವಾರ್ಸಾದಲ್ಲಿ ಅಚ್ಚು ಹಾಕಿಸಿ ಹೊರತಂದ ಭಾಷೆ. ಆಗ ಅವರಿಗೆ 27 ವರ್ಷ.) ಆ ಭಾಷೆ ಮೇಲೆ ನನಗೆ ಕೋಪ ಇಲ್ಲ. ಈ "16" ಇದೆಯಲ್ಲ, ಅದರ ಮೇಲೆ.

ಡಾಕ್ಟರು ಪಟ್ಟಿ ಮಾಡಿದ ಆ 16ರಲ್ಲಿ ಮೊದಲನೇ ನಿಯಮವನ್ನೇ ನೋಡಿ. ಇಂಗ್ಲಿಷಿನ "ದಿ" ಥರ ಇಲ್ಲಿ "ಲಾ" ಇದೆ. ಯಾವಾಗ ಹಾಕಬೇಕು? ಕೆಳಗೆ ಒಂದು ಟಿಪ್ಪಣಿ: ಬೇರೆ ಭಾಷೆಗಳಲ್ಲಿ ಹೇಗೋ ಹಾಗೆ. ಯಾವ ಬೇರೆ ಭಾಷೆ ಸ್ವಾಮಿ? ಕನ್ನಡದಲ್ಲಿ ಅಂಥದ್ದೇ ಇಲ್ಲ. ತಮಾಷೆ ಅಂದ್ರೆ ರಷ್ಯನ್‌ನಲ್ಲೂ ಇಲ್ಲ, ಪೋಲಿಷ್‌ನಲ್ಲೂ ಇಲ್ಲ. ಡಾಕ್ಟರು ಬೆಳೆದದ್ದೇ ಆ ಭಾಷೆಗಳ ಮಧ್ಯೆ! "ಪಕ್ಕದ ಮನೆಯವರು ಹಾಕುವಷ್ಟು ಉಪ್ಪು ಹಾಕಿ" ಅಂತ ಅಡುಗೆ ಹೇಳಿಕೊಟ್ಟ ಹಾಗಾಯಿತು. ಕಷ್ಟವಾದರೆ ಮೊದಮೊದಲು ಬಿಟ್ಟುಬಿಡಿ ಅಂತಲೂ ಅದೇ ಟಿಪ್ಪಣಿ ಹೇಳುತ್ತದೆ, ನಿಜ. ಮೊದಮೊದಲು ಅಂದರೆ ಎಲ್ಲಿವರೆಗೆ? ನಾನಂತೂ ಇನ್ನೂ ಬಿಡುತ್ತಾ, ಹಾಕುತ್ತಾ ಇದ್ದೇನೆ.

ಹದಿನೈದನೇದೂ ಹೀಗೇ. ಹೆಚ್ಚಿನ ಭಾಷೆಗಳು ಒಂದೇ ಮೂಲದಿಂದ ತೆಗೆದುಕೊಂಡ ಪದಗಳನ್ನು ಹಾಗೇ ಬಳಸಿ ಅಂತೆ. ಆ "ಹೆಚ್ಚಿನ ಭಾಷೆ"ಗಳ ಲೆಕ್ಕದಲ್ಲಿ ನಮ್ಮನ್ನು ಯಾರು ಹಿಡಿದಿದ್ದಾರೆ!

ಹಾಗಂತ ನಮಗೆ ಎಲ್ಲವೂ ಕಷ್ಟವಲ್ಲ. "ಮಿ ವಿದಾಸ್ ಕಾಟೋನ್" ಅಂದರೆ ನಾನು ಬೆಕ್ಕನ್ನು ನೋಡುತ್ತೇನೆ. ಬೆಕ್ಕು "ಕಾಟೋ". ಕೊನೆಗೆ ಬಂದ ಆ "ನ್" ನಮ್ಮ "ಅನ್ನು" ಇದ್ದ ಹಾಗೆ. ಇಂಗ್ಲಿಷಿನವರು ಈ ಒಂದು ಅಕ್ಷರಕ್ಕೆ ಗೋಳಾಡುವುದನ್ನು ನೋಡಿ ನಾನು ಒಳಗೊಳಗೇ ಖುಷಿಪಟ್ಟಿದ್ದೇನೆ. ಜಂಭ ಹೆಚ್ಚು ದಿನ ಉಳಿಯಲಿಲ್ಲ. ನಾವು "ನೀರು ಕುಡಿದೆ" ಅಂತೀವಿ, "ನೀರನ್ನು" ಅನ್ನುವುದು ಕಡಿಮೆ. ಅಲ್ಲಿ ಹಾಗೆ ನುಂಗುವಂತಿಲ್ಲ. ಕೆಂಪು ಹೂವುಗಳನ್ನು ಅನ್ನೋಕೆ "ರೂಜಾಯ್ನ್ ಫ್ಲೋರೋಯ್ನ್" ಅನ್ನಬೇಕು. ಅಂದರೆ "ಕೆಂಪುಗಳನ್ನು ಹೂವುಗಳನ್ನು". ನಮ್ಮ ಕೆಂಪು ಯಾವತ್ತಾದರೂ ಹೂವಿನ ಹಿಂದೆ ಹೀಗೆ ಬಾಲ ಅಲ್ಲಾಡಿಸಿಕೊಂಡು ಹೋಗಿದೆಯಾ?

ಇನ್ನು "ಆತಾ", "ಇತಾ" ಅಂತ ಎರಡು ಪ್ರತ್ಯಯ ಇವೆ. ಮೊದಲನೇದು ನಡೆಯುತ್ತಿರುವುದಕ್ಕೆ, ಎರಡನೇದು ಮುಗಿದದ್ದಕ್ಕೆ. ನಾನು ಹುಟ್ಟಿದೆ ಅನ್ನೋಕೆ "ನಾಸ್ಕಾತಾ" ಅನ್ನಬೇಕೋ "ನಾಸ್ಕಿತಾ" ಅನ್ನಬೇಕೋ ಅಂತ ದೊಡ್ಡ ದೊಡ್ಡ ಪಂಡಿತರೇ ವರ್ಷಗಟ್ಟಲೆ ಕಿತ್ತಾಡಿದರು. ಕೊನೆಗೆ ಎಸ್ಪೆರಾಂಟೋ ಅಕಾಡೆಮಿ 1967ರಲ್ಲಿ "ಇತಾ" ಕಡೆಗೆ ತೀರ್ಪು ಕೊಟ್ಟಿತು. ಭಾಷೆ ಹುಟ್ಟಿ 80 ವರ್ಷ ಆದಮೇಲೆ! ಒಂದು ಗಂಟೇಲಿ ಖತಂ ಅಂತೆ.

"ಆದ್ರೂ ಸುಲಭ ಅಲ್ವಾ ಮೇಡಂ?" ಅಂತ ಯಾರೋ ಕಾಮೆಂಟ್ ಹಾಕೇ ಹಾಕ್ತೀರಿ. ಸುಲಭವೇ. ಮಿ ವಿದಾಸ್, ನಿ ವಿದಾಸ್, ಇಲಿ ವಿದಾಸ್. ನಾನು, ನಾವು, ಅವರು, ಯಾರೇ ನೋಡಲಿ, ಕ್ರಿಯಾಪದ ಒಂದೇ. (ಹೌದು, "ನಿ" ಅಂದರೆ ನಾವು, "ಇಲಿ" ಅಂದರೆ ಅವರು. ನಕ್ಕು ಮುಗಿಸಿ, ಕಾಯ್ತೀನಿ.) ಆಸ್ಪತ್ರೆಗೆ "ಮಾಲ್ಸಾನುಲೇಯೋ". "ಸಾನ್" ಅಂದರೆ ಆರೋಗ್ಯ. "ಮಾಲ್" ಅದನ್ನು ತಿರುಗಿಸುತ್ತದೆ, "ಉಲ್" ಮನುಷ್ಯ, "ಏಯ್" ಜಾಗ. ಬಿಡಿಸುತ್ತಾ ಹೋದರೆ ಮಜಾ ಬರುತ್ತದೆ. ಅದನ್ನು ಹೇಳಿ ಕರೆಯಿರಿ ಜನರನ್ನು, ಯಾರು ಬೇಡ ಅಂದರು? 16 ಅಂತ ಯಾಕೆ ಸುಳ್ಳು? ಇದೇ ಭಾಷೆಗೆ ನೂರಾರು ಪುಟದ ವ್ಯಾಕರಣ ಪುಸ್ತಕಗಳಿವೆ. ಸುಮ್ನೆ ಬರೆದರಾ ಅವನ್ನು?

ಇಷ್ಟು ಸಿಟ್ಟು ಯಾಕೆ ಅಂದರೆ, ಆ ಸುಳ್ಳನ್ನು ನಾನೂ ಹೇಳಿದ್ದೇನೆ. ಅಣ್ಣನ ಮಗಳು ಪಿಯುಸಿ ಮುಗಿಸಿ ರಜೆಯಲ್ಲಿ ಬಂದಿದ್ದಳು. "16 ನಿಯಮ ಅಷ್ಟೇ ಪುಟ್ಟಿ" ಅಂತ ಕೂರಿಸಿದೆ. ನೋಟ್‌ಬುಕ್ಕಿನಲ್ಲಿ ನೀಟಾಗಿ 1ರಿಂದ 16ರವರೆಗೆ ನಂಬರ್ ಹಾಕಿಕೊಂಡಳು. ಮೊದಲನೇದಕ್ಕೇ ಪೆನ್ ನಿಲ್ಲಿಸಿ, "ಅತ್ತೆ, ಈ ಲಾ ಯಾವಾಗ ಹಾಕ್ಬೇಕು?" ಅಂದಳು. ನಾನು ಏನೇನೋ ಉದಾಹರಣೆ ಕೊಟ್ಟೆ. ಮೂರನೇ ದಿನ ಅವಳೇ, "ನಂಗೆ ಭಾಷೆ ತಲೆಗೆ ಹತ್ತಲ್ಲ ಬಿಡಿ ಅತ್ತೆ" ಅಂದುಬಿಟ್ಟಳು. ಮನೆಯಲ್ಲಿ ಕನ್ನಡ, ಪಕ್ಕದ ಮನೆಯವರ ಜೊತೆ ತುಳು, ಕಾಲೇಜಿನಲ್ಲಿ ಇಂಗ್ಲಿಷ್ ಆಡುವ ಹುಡುಗಿ! ತಪ್ಪು ನಿಯಮದ್ದು, ನಿನ್ನದಲ್ಲ ಅಂತ ನಾನು ಆಗಲೇ ಹೇಳಬೇಕಿತ್ತು. ಹೇಳಲಿಲ್ಲ. ನನಗೂ ಉತ್ತರ ಗೊತ್ತಿರಲಿಲ್ಲ ಅಂತ ಒಪ್ಪಿಕೊಳ್ಳಲು ನಾಚಿಕೆಯಾಯಿತು.

ಕುಕ್ಕರ್ ಇಳಿಸಿ ಬಂದು ಆ ರೀಲ್ ಕೆಳಗೆ ಕೇಳಿದೆ: "ಲಾ ಯಾವಾಗ ಹಾಕಬೇಕು ತಮ್ಮಾ?"

ಒಂದು ಕೆಂಪು ಹಾರ್ಟ್ ಹಾಕಿದ್ದಾನೆ. ಅಷ್ಟೇ.