ತಲೆಗೆ ಕರೆಂಟ್ ಕೊಟ್ಟರೆ ಮೈಕೈ ನೋವು ಹೋಗುತ್ತಾ?

ಫೈಬ್ರೊಮಯಾಲ್ಜಿಯಾಗೆ (ಮೈಯೆಲ್ಲ ದೀರ್ಘಕಾಲ ನೋಯುವ ಕಾಯಿಲೆ) ಟಿಡಿಸಿಎಸ್, ಅಂದರೆ ತಲೆಯ ಮೇಲೆ ಪ್ಯಾಡ್ ಇಟ್ಟು ಮಿದುಳಿಗೆ ಸಣ್ಣ ಕರೆಂಟ್ ಕೊಡುವ ಚಿಕಿತ್ಸೆಯ ಬಗ್ಗೆ ನೀವು ಲೇಖನ ಬರೆದಿದ್ದು ಒಳ್ಳೆಯದಾಯಿತು. ಆದರೆ ಅದರಲ್ಲಿ 'ನೋವು ಮಾಯ' ಅಂದಿದ್ದು ಸ್ವಲ್ಪ ಜಾಸ್ತಿಯಾಯಿತು ಅಲ್ವಾ? ಈ ಚಿಕಿತ್ಸೆಯ ಬಗ್ಗೆ 2006ರಲ್ಲಿ ಪ್ರಕಟವಾದ ಬ್ರೆಜಿಲ್‌ನ ಪ್ರಯೋಗದಲ್ಲಿ ಇದ್ದವರೇ 32 ಜನ. 2 ಮಿಲಿಆಂಪ್ ಕರೆಂಟ್, 20 ನಿಮಿಷ, ಸತತ 5 ದಿನ. ಮೋಟಾರ್ ಕಾರ್ಟೆಕ್ಸ್ (ಮೈಕೈ ಚಲನೆ ನಿಯಂತ್ರಿಸುವ ಮಿದುಳಿನ ಭಾಗ) ಮೇಲೆ ಕೊಟ್ಟಾಗ ನೋವು ಇಳಿಯಿತು. ಹಣೆಯ ಹಿಂದಿರುವ ಮಿದುಳಿನ ಭಾಗಕ್ಕೆ ಕೊಟ್ಟಾಗ ಅಂಥ ಫಲ ಸಿಗಲಿಲ್ಲ. ಅಂದರೆ ಪ್ಯಾಡ್ ಎಲ್ಲಿಡುತ್ತೀರಿ ಅನ್ನೋದೇ ಮುಖ್ಯ. ಆನ್‌ಲೈನ್‌ನಲ್ಲಿ ಇಂಥ ಕರೆಂಟ್ ಕೊಡುವ ಹೆಡ್‌ಸೆಟ್ ತರಿಸಿ ಸುಮ್ನೆ ತಲೆಗೆ ಸಿಕ್ಕಿಸಿಕೊಳ್ಳುವವರಿಗೆ ಇದನ್ನು ಹೇಳಬೇಕಿತ್ತು. ಮೂರ್ಛೆರೋಗ ಇರುವವರಂತೂ ನರರೋಗ ವೈದ್ಯರನ್ನು ಕೇಳದೆ ಮುಟ್ಟಲೇಬಾರದು. ಫೈಬ್ರೊಮಯಾಲ್ಜಿಯಾಗೆ ಯುರೋಪಿನ ವೈದ್ಯರ 2017ರ ಮಾರ್ಗಸೂಚಿ ಬಲವಾಗಿ ಶಿಫಾರಸು ಮಾಡಿದ್ದು ವ್ಯಾಯಾಮವೊಂದನ್ನೇ. ಅದರ ಬಗ್ಗೆ ಲೇಖನದಲ್ಲಿ ಒಂದು ಸಾಲೂ ಇಲ್ಲವಲ್ಲ, ಯಾಕೆ?